ಆರು ತಿರುಳಿನ ಬಿಲ್ಲೆ

ಲಗ್ಗೆರೆ, ಪೀಣ್ಯಗಳ ಸಣ್ಣ ಕಾರ್ಖಾನೆಗಳನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದೇ ಇದೆ. ಲೇತ್ ಯಂತ್ರವನ್ನು ವೇಗವಾಗಿ ತಿರುಗಿಸಿದಷ್ಟೂ ಕೆಲಸ ಬೇಗ ಮುಗಿಯುತ್ತದೆ. ಮಿತಿ ಮೀರಿದರೆ ಟೂಲ್ ಕಾದು ಮೊನೆ ಕೆಡುತ್ತದೆ. ಆಗ ಜಾಣನಾದವನು ಇನ್ನೊಂದು ಲೇತನ್ನು ಹೂಡುತ್ತಾನೆ. ಗಣಕಯಂತ್ರದ ಮಿದುಳೆನಿಸಿದ ಮೈಕ್ರೋಪ್ರೊಸೆಸರ್ ಕೂಡ ಇದೇ ದಾರಿ ಹಿಡಿಯಿತು.

1971ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 4004 ಎಂಬ ಸಿಲಿಕಾನ್ ಬಿಲ್ಲೆಯಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಮುಂದೆ ಅವು ಕಿರಿದಾಗುತ್ತ, ಬಿಲ್ಲೆಯ ವೇಗ ಏರುತ್ತ ಹೋಯಿತು. ಆ ವೇಗ ಸೆಕೆಂಡಿಗೆ 300 ಕೋಟಿ ಮಿಡಿತಗಳನ್ನು ದಾಟಿದ ಮೇಲೆ, 2004ರ ಹೊತ್ತಿಗೆ, ಶಾಖವೇ ಅಡ್ಡಗೋಡೆಯಾಯಿತು. ಏಕಕಾಲಕ್ಕೆ ಬಹುಜನರ ಕೆಲಸ ನಿರ್ವಹಿಸಬೇಕಾದ ಸರ್ವರ್ ಗಣಕಗಳಿಗೆ ಉಳಿದ ಉಪಾಯವೆಂದರೆ, ಒಂದೇ ಬಿಲ್ಲೆಯಲ್ಲಿ ಹಲವು ‘ತಿರುಳು’ಗಳನ್ನು, ಅಂದರೆ ತಾವೇ ಲೆಕ್ಕ ಮಾಡಬಲ್ಲ ಘಟಕಗಳನ್ನು, ಕೂಡಿಸುವುದು.

ಇಂಟೆಲ್‌ನ ಬೆಂಗಳೂರು ಕೇಂದ್ರದ ಎಂಜಿನಿಯರುಗಳು ರೂಪಿಸತೊಡಗಿದ ನಾಲ್ಕು ತಿರುಳಿನ ಬಿಲ್ಲೆಗೆ ನಮ್ಮೂರಿನದೇ ಹೆಸರು: ‘ವೈಟ್‌ಫೀಲ್ಡ್’. 2005ರಲ್ಲಿ ಸಂಸ್ಥೆ ಅದನ್ನು ಕೈಬಿಟ್ಟಿತು. ಅಷ್ಟು ದಿನಗಳ ದುಡಿಮೆ ಮಾರುಕಟ್ಟೆಯನ್ನೇ ಕಾಣಲಿಲ್ಲ. ಆದರೆ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 2008ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ವಿನ್ಯಾಸಗೊಂಡ ಜಿಯಾನ್ 7400 ಹೊರಬಂದಿತು. ಅದರಲ್ಲಿ ಆರು ತಿರುಳುಗಳು, 190 ಕೋಟಿ ಟ್ರಾನ್ಸಿಸ್ಟರುಗಳು. ಜೊತೆಗೆ ಆರಕ್ಕೂ ಸೇರಿದ 16 ಮೆಗಾಬೈಟಿನ ಉಗ್ರಾಣ. ಕೆಲಸಗಾರರು ಆರು ಮಂದಿಯಿದ್ದೂ ಪ್ರತಿ ಸಲಾಕೆಗೂ ಪೇಟೆಗೆ ಓಡಬೇಕಾದರೆ ಫಲವೇನು? ಬೇಕಾದ ಮಾಹಿತಿ ಹತ್ತಿರದಲ್ಲೇ ಸಿಗಲೆಂದು ಈ ಉಗ್ರಾಣ.

ಕೆಟ್ಟ ಎರಕವನ್ನು ಕರಗಿಸಿ ಮತ್ತೆ ಎರೆಯುವ ಪೀಣ್ಯದ ಕುಶಲಕರ್ಮಿಗೆ ಈ ಮೂರು ವರ್ಷಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.