ಮೊಬೈಲ್ ಸ್ಪೀಕರಿಗೂ ದಕ್ಕುವ ತಂಬೂರಿ

ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಅಲ್ಲಿಂದೀಚೆಗೆ ಈ ಸೀಮೆಯ ಕಿವಿ ಪಳಗಿದ್ದು ಅಡುಗೆಮನೆಯ ಗೂಡಿನಲ್ಲೋ ಅಂಗಡಿಯ ಗಲ್ಲಾದ ಪಕ್ಕದಲ್ಲೋ ಇದ್ದ ಟ್ರಾನ್ಸಿಸ್ಟರಿನಿಂದ. ಮಧ್ಯಮ ತರಂಗದಲ್ಲಿ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದ ಹೆಚ್ಚುಕಡಿಮೆ ತಲುಪುವುದೇ ಇಲ್ಲ. ಆದರೂ ಗಮಕ, ಸುಗಮ ಸಂಗೀತ, ಹಿಂದೂಸ್ತಾನಿ ಎಲ್ಲವನ್ನೂ ನಮ್ಮ ಜನ ಅದರಲ್ಲೇ ಕೇಳಿ ದಕ್ಕಿಸಿಕೊಂಡರು. ಹೀಗಿರುವಾಗ, ಪ್ರಯೋಗಶೀಲ ಆಲ್ಬಂ ಕೇಳಲು ಮಾತ್ರ ಲಕ್ಷಗಟ್ಟಲೆ ಬೆಲೆಯ ಸೌಂಡ್ ಸಿಸ್ಟಂ ಬೇಕು ಎನ್ನುವ ಮಾತನ್ನು ನಾನು ಒಪ್ಪಲಾರೆ. ಕೈಯಲ್ಲಿರುವ ಫೋನು ಏನನ್ನು ಉಳಿಸುತ್ತದೆ, ಏನನ್ನು ನುಂಗುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಫೋನಿನ ಸ್ಪೀಕರಿನಲ್ಲಿ ಒಮ್ಮೆ ಬರೀ ತಂಬೂರಿ ಹಾಕಿ ಕೇಳಿ. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜ 70 ಹರ್ಟ್ಸ್ ಆಸುಪಾಸಿನದು. ಅದನ್ನು ಹೊರಡಿಸುವ ತಾಕತ್ತು ಆ ಪುಟ್ಟ ಸ್ಪೀಕರಿಗಿಲ್ಲ. ಆದರೂ ಮಂದ್ರ ಕೇಳಿಸುತ್ತದೆ! ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ಜೀವಾಳದ ದಾರ ರಾಶಿ ರಾಶಿ ಸ್ವಯಂಭೂ ಸ್ವರಗಳನ್ನು ಎಬ್ಬಿಸುತ್ತದೆ; ಆ ಮೇಲಿನ ಸ್ವರಗಳ ಅಂತರ ಹಿಡಿದು ನಮ್ಮ ಮಿದುಳೇ ಬುಡದ ಸ್ವರವನ್ನು ಕಟ್ಟಿಕೊಳ್ಳುತ್ತದೆ. ತಂಬೂರಿಯ ಕುದುರೆಯ ಈ ಗುಣವನ್ನು ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲೇ ಗುರುತಿಸಿ ಬರೆದಿದ್ದರು.

ಈಗ ಚರಣ್‌ಜಿತ್ ಸಿಂಗ್ ಅವರ 1982ರ ಆಲ್ಬಂ ಹಾಕಿ. ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಅವರು ಮೇಘ ಮಲ್ಹಾರ್, ಯಮನ್, ಮಾಲಕೌಂಸ್ ಸೇರಿ ಹತ್ತು ರಾಗಗಳನ್ನು ರೋಲ್ಯಾಂಡ್ ಕಂಪನಿಯ ಸಿಂಥಸೈಜರ್ ಮತ್ತು ಡ್ರಮ್ ಮೆಷೀನಿನ ಡಿಸ್ಕೋ ಲಯಕ್ಕೆ ಕೂರಿಸಿದರು. ಆಗ ಕೇಳುವವರಿರಲಿಲ್ಲ, 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು. ಫೋನಿನಲ್ಲಿ ಇದರ ರಾಗದ ಎಳೆ ಚೂಪಾಗಿ ಕೇಳುತ್ತದೆ, ತಳದ ಗುದ್ದು ಮಾತ್ರ ಮಾಯ. ಆ ಗುದ್ದು ಸ್ವಯಂಭೂ ಸ್ವರಗಳಿಲ್ಲದ ಬೋಳು ನಾದ, ಹಾಗಾಗಿ ಅದನ್ನು ಮತ್ತೆ ಕಟ್ಟಲು ಮಿದುಳಿಗೆ ಸುಳಿವೇ ಸಿಗುವುದಿಲ್ಲ. ಇದಕ್ಕೆ ಇಯರ್‌ಫೋನ್ ಬೇಕೇ ಬೇಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಸಾಧಾರಣದ್ದೇ ಆದೀತು, ಕಿವಿಯೊಳಗೆ ಬಿಗಿಯಾಗಿ ಕೂರಬೇಕು ಅಷ್ಟೆ.

ಇನ್ನು ಕೆಲವು ಸಂಗೀತ ಹುಟ್ಟಿದ್ದೇ ಕೆಟ್ಟ ಉಪಕರಣದಿಂದ. 1975ರಲ್ಲಿ ಅಪಘಾತವಾಗಿ ಹಾಸಿಗೆ ಹಿಡಿದಿದ್ದ ಸಂಗೀತಗಾರ ಬ್ರಿಯಾನ್ ಈನೊಗೆ ಗೆಳತಿಯೊಬ್ಬಳು ಹಾರ್ಪ್ ವಾದನದ ರೆಕಾರ್ಡ್ ತಂದುಕೊಟ್ಟಳು. ಹಾಕಿ ಮಲಗಿದ ಮೇಲೆ ನೋಡಿದರೆ ಸದ್ದು ತೀರಾ ಕಡಿಮೆ, ಒಂದು ಕಡೆಯ ಸ್ಪೀಕರ್ ಮೂಕ. ಎದ್ದು ಸರಿಪಡಿಸಲು ಕಸುವಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನೊಳಗೆ ಅರೆಬರೆ ಕೇಳಿದ ಆ ಸಂಗೀತ ಅವರಿಗೆ ಕೇಳುವ ಹೊಸ ಬಗೆಯನ್ನೇ ಕಲಿಸಿತು. ಅದೇ ವರ್ಷ ಬಂದ ‘ಡಿಸ್ಕ್ರೀಟ್ ಮ್ಯೂಸಿಕ್’ ಆಲ್ಬಮ್ಮಿನ ಮೊದಲ ಕೃತಿ ಅರ್ಧ ಗಂಟೆಯದು. ಎರಡೇ ಪುಟ್ಟ ಸ್ವರಗುಚ್ಛಗಳು ಟೇಪ್ ರೆಕಾರ್ಡರುಗಳ ನಡುವೆ ಸುತ್ತಿ, ತಡವಾಗಿ ಮರಳಿ, ಒಂದರ ಮೇಲೊಂದು ಹರಡಿಕೊಳ್ಳುತ್ತವೆ.

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅರ್ಧ ಗಂಟೆಯೇ. ಆಷಾಢದ ಮಳೆಯಲ್ಲಿ, ಕಿಟಕಿಯ ಶಟರ್ ಇಳಿಸಿದ ಬಸ್ಸಿನಲ್ಲಿ, ಸದ್ದು ತಗ್ಗಿಸಿಯೇ ಈ ಕೃತಿಯನ್ನು ಕೇಳಿ. ಎಂಜಿನ್ನಿನ ಗುಂಯ್‌ಕಾರ ಕೆಳಗಿನ ಸ್ವರಗಳನ್ನು ಮುಚ್ಚುತ್ತದೆ ನಿಜ. ಆದರೆ ಗೇರು ಬದಲಾದಾಗಲೆಲ್ಲ ಅವು ಮತ್ತೆ ತಲೆ ಎತ್ತುತ್ತವೆ. ಆ ಕಣ್ಣಾಮುಚ್ಚಾಲೆ ನನಗೆ ನಿಶ್ಶಬ್ದ ಕೋಣೆಯ ಆಲಿಕೆಗಿಂತ ಹೆಚ್ಚು ಇಷ್ಟ.

ನಮ್ಮ ಆಕಾಶವಾಣಿ ವಾರಕ್ಕೊಂದು ರಾತ್ರಿ ಅರ್ಧ ಗಂಟೆ ಇಂಥ ಸಂಗೀತಕ್ಕೆ ಬಿಟ್ಟುಕೊಡಬೇಕು, ಜೊತೆಗೆ ಏನನ್ನು ಕೇಳಬೇಕೆಂದು ಕನ್ನಡದಲ್ಲಿ ನಾಲ್ಕು ಮಾತು ಹೇಳಬೇಕು. ಮೊದಲ ವಾರಕ್ಕೆ ಚರಣ್‌ಜಿತ್ ಸಿಂಗ್ ಅವರ ಮೇಘ ಮಲ್ಹಾರ್ ಇರಲಿ.