‘ನಾಲ್ಕು ಸ್ಟಾರ್ ಕೊಟ್ಟರೂ ನಮಗೆ ಪೆಟ್ಟೇ ಉಸ್ತಾದ್’

ಆಸ್ಪತ್ರೆಯಲ್ಲಿದ್ದ ಸಂಬಂಧಿಕರೊಬ್ಬರನ್ನು ನೋಡಿ ದೇರಳಕಟ್ಟೆಯಲ್ಲಿ ರಸ್ತೆಗೆ ಬರುವಾಗ ರಾತ್ರಿ ಹನ್ನೊಂದು ದಾಟಿತ್ತು. ಜೋರು ಮಳೆ. ಬಸ್ಸುಗಳೆಲ್ಲ ಹೋಗಿಯಾಗಿತ್ತು. ನನಗೆ ಈ ಆ್ಯಪ್‌ನ ವ್ಯವಹಾರ ಅಷ್ಟು ಗೊತ್ತಿಲ್ಲ. ಜೊತೆಗಿದ್ದ ಅಕ್ಕನ ಮಗ ಮೊಬೈಲ್ ಒತ್ತಿ, ‘ಏಳು ನಿಮಿಷದಲ್ಲಿ ಬರ್ತದೆ ಮಾಮ’ ಅಂದ. ಏಳು ಹೋಗಿ ಹದಿನೈದು ಆದ ಮೇಲೆ ಒಂದು ಬಿಳಿ ವ್ಯಾಗನ್ ಆರ್ ಬಂತು. ಬಾಗಿಲು ಹಾಕುವ ಮೊದಲೇ ಚಾಲಕ ಹಿಂದೆ ತಿರುಗಿ, ‘ಉಸ್ತಾದ್, ನೀವಾ!’ ಅಂದರು. ನೋಡಿದರೆ ನಮ್ಮ ಮದ್ರಸದ ಐದನೇ ತರಗತಿಯ ಹುಡುಗಿಯ ತಂದೆ. ಪರಿಚಯ ಎಷ್ಟಿದ್ದರೂ ಪಿನ್ ನಂಬರ್ ಕೇಳಿ ಒತ್ತಿದ ಮೇಲೆಯೇ ಗಾಡಿ ಹೊರಟಿತು. ಅದಿಲ್ಲದೆ ಟ್ರಿಪ್ ಶುರು ಆಗುವುದಿಲ್ಲವಂತೆ.

ಅಡ್ಯಾರಿಗೆ ಮುಟ್ಟುವವರೆಗೆ ಅವರು ಹೇಳಿದ್ದು, ಆಮೇಲೆ ಒಂದು ಆದಿತ್ಯವಾರ ಮನೆಗೆ ಕರೆದು ಕೂರಿಸಿ ಕೇಳಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ‘ಹೆಸರು ಹಾಕಬೇಡಿ, ಐಡಿ ಹೋದರೆ ಕಷ್ಟ’ ಎಂದು ಕೇಳಿಕೊಂಡಿದ್ದಾರೆ. ಆದ್ದರಿಂದ ಚಾಲಕರ ಹೆಸರೂ ಇಲ್ಲ, ಕಂಪೆನಿಯ ಹೆಸರೂ ಇಲ್ಲ.

ನಮ್ಮವರಿಗೆ ಸ್ಟೇರಿಂಗ್ ಹೊಸದಲ್ಲ. ಬಂದರಿನ ಲಾರಿ, ಮೀನಿನ ಗಾಡಿ, ಆಟೋ, ಗಲ್ಫಿನ ಟ್ಯಾಕ್ಸಿ ಎಂದು ಒಂದೊಂದು ಮನೆಯಲ್ಲಿ ಇಬ್ಬರು ಮೂವರು ಚಾಲಕರಿದ್ದಾರೆ. ಇವರೂ ಒಂಬತ್ತು ವರ್ಷ ದುಬೈಯಲ್ಲಿ ಗಾಡಿ ಓಡಿಸಿದವರು. ಅಲ್ಲಿ 2012ರಲ್ಲಿ ಶುರುವಾದ ಕರೀಮ್ ಇವರ ಕಣ್ಣೆದುರೇ ಬೆಳೆಯಿತು. ಊರಿಗೆ ಬಂದು, ಸಾಲ ಮಾಡಿ, ಹಳದಿ ಬೋರ್ಡಿನ ಕಾರು ತೆಗೆದು ಆ್ಯಪ್‌ಗೆ ಸೇರಿದರು. ‘ಅಲ್ಲಿ ಗಾಡಿ ಅರಬಿಯದ್ದು, ಟೆನ್ಶನ್ ಕೂಡ ಅರಬಿಯದ್ದು. ಇಲ್ಲಿ ಎರಡೂ ನನ್ನದೇ’ ಎಂದು ನಗುತ್ತಾರೆ.

ಪ್ರಯಾಣಿಕರು ಹೇಗೆ ಎಂದು ಕೇಳಿದೆ. ‘ನೂರರಲ್ಲಿ ತೊಂಬತ್ತು ಜನ ಒಳ್ಳೆಯವರೇ. ಹತ್ತಿದ್ದೂ ಗೊತ್ತಾಗುವುದಿಲ್ಲ, ಇಳಿದದ್ದೂ ಗೊತ್ತಾಗುವುದಿಲ್ಲ. ಆದರೆ ನೆನಪಿನಲ್ಲಿ ಉಳಿಯುವುದು ಬಾಕಿ ಹತ್ತು ಜನ’ ಎಂದರು.

ಆ ಹತ್ತು ಜನರಲ್ಲಿ ಮೊದಲನೆಯವರು ಲೊಕೇಶನ್ ತಪ್ಪು ಹಾಕುವವರು. ನಮ್ಮ ಊರುಗಳ ಗುಡ್ಡೆ, ಪದವು, ಕೆಂಪುಕಲ್ಲಿನ ಓಣಿ ಮ್ಯಾಪಿಗೆ ಅರ್ಥವಾಗುವುದಿಲ್ಲ. ಒಮ್ಮೆ ಮ್ಯಾಪ್ ನಂಬಿ ಹೋಗಿ ಕಲ್ಲಿನ ಕೋರೆಯ ಅಂಚಿನಲ್ಲಿ ನಿಂತಿದ್ದರಂತೆ. ಗಿರಾಕಿ ಮನೆಯ ಜಗಲಿಯಲ್ಲಿ ನಿಂತು ಫೋನಿನಲ್ಲಿ ‘ನಿಮಗೆ ದಾರಿ ಗೊತ್ತಿಲ್ಲದಿದ್ದರೆ ಗಾಡಿ ಯಾಕೆ ಓಡಿಸ್ತೀರಿ?’ ಎಂದು ಬೊಬ್ಬೆ.

ಎರಡನೆಯವರು ನಾಲ್ಕು ಸೀಟಿನ ಗಾಡಿಗೆ ಆರು ಜನ ಹತ್ತುವವರು. ಇದರಲ್ಲಿ ನಮ್ಮ ಸಮುದಾಯದವರಿಗೆ ಒಂದು ಕೈ ಮುಂದೆಯೇ ಎಂದು ಹೇಳಬೇಕು. ಗಲ್ಫಿನಿಂದ ಮಗ ಬರುತ್ತಾನೆಂದರೆ ಇಡೀ ಮನೆಯೇ ಬಜ್ಪೆಗೆ ಹೋಗುತ್ತದೆ. ಬರುವಾಗ ಹಗ್ಗ ಕಟ್ಟಿದ ಎರಡು ಕಾರ್ಟನ್, ಒಂದು ಟ್ರಾಲಿ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡ ಉಮ್ಮ. ‘ದೊಡ್ಡ ಗಾಡಿ ಬುಕ್ ಮಾಡಿ’ ಎಂದರೆ, ‘ನಮ್ಮವನೇ ಆಗಿ ಹೀಗೆ ಹೇಳ್ತೀಯಾ?’ ಎಂಬ ಮಾತು. ಪೊಲೀಸ್ ಹಿಡಿದರೆ ದಂಡ ಕಟ್ಟುವುದು ಮಾತ್ರ ಚಾಲಕನೇ.

ಹಾಗೆಂದು ಚಾಲಕರೆಲ್ಲ ಸಾಧುಗಳಲ್ಲ. ಬುಕ್ ಮಾಡಿದ ಕೂಡಲೇ ಫೋನ್ ಮಾಡಿ ‘ಎಲ್ಲಿಗೆ? ಕ್ಯಾಶಾ ಆನ್‌ಲೈನಾ?’ ಎಂದು ಕೇಳಿ, ಹತ್ತಿರದ ಟ್ರಿಪ್ ಆದರೆ ಕ್ಯಾನ್ಸಲ್ ಮಾಡುವವರಿದ್ದಾರೆ. ಮಳೆಯಲ್ಲಿ ನಿಂತವನಿಗೆ ಆಗುವ ಸಿಟ್ಟು ನನಗೂ ಗೊತ್ತು. ಅದನ್ನು ಕೇಳಿದಾಗ ಇವರು ಮುಚ್ಚಿಡಲಿಲ್ಲ. ‘ನಾನೂ ಮಾಡಿದ್ದೇನೆ. ನಾಲ್ಕು ಕಿಲೋಮೀಟರ್ ಖಾಲಿ ಓಡಿ ಹೋಗಿ ಎರಡು ಕಿಲೋಮೀಟರ್ ಬಾಡಿಗೆ ಸಿಕ್ಕಿದರೆ ಗ್ಯಾಸಿಗೆ ಸಾಲುವುದಿಲ್ಲ. ಆದರೆ ಆಸ್ಪತ್ರೆ ಎಂದು ಹೇಳಿದರೆ ಬಿಡುವುದಿಲ್ಲ.’ ಸಿಎನ್‌ಜಿ ಬಂಕಿನ ಕ್ಯೂನಲ್ಲಿ ಹೋಗುವ ಗಂಟೆಗೆ ಯಾರೂ ಬಾಡಿಗೆ ಕೊಡುವುದಿಲ್ಲ ಎಂಬುದನ್ನೂ ಸೇರಿಸಿದರು. 2025ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಾರಣವಿಲ್ಲದೆ ಕ್ಯಾನ್ಸಲ್ ಮಾಡಿದರೆ ಬಾಡಿಗೆಯ ಶೇ. 10ರಷ್ಟು, ಹೆಚ್ಚೆಂದರೆ 100 ರೂಪಾಯಿ ದಂಡ ಎಂದಿದೆ. ಅದು ಚಾಲಕನಿಗೆ ಮಾತ್ರ ಅಲ್ಲ, ನಮಗೂ ಉಂಟು.

ಇನ್ನು ಸ್ಟಾರಿನ ವಿಷಯ. ನಿಜವಾಗಿ ನಾನು ಈ ಬರಹಕ್ಕೆ ಕೂತದ್ದೇ ಇದಕ್ಕಾಗಿ.

ಆ ರಾತ್ರಿ ಇಳಿಯುವ ಮೊದಲು ಅಕ್ಕನ ಮಗನನ್ನು ಕೇಳಿದೆ, ‘ನೀನು ಎಷ್ಟು ಸ್ಟಾರ್ ಕೊಡ್ತೀಯಾ?’ ಎಂದು. ‘ಚೆನ್ನಾಗಿ ಓಡಿಸಿದರೆ ನಾಲ್ಕು, ಪರವಾಗಿಲ್ಲ ಅಂದರೆ ಮೂರು. ಐದು ಯಾರಿಗೂ ಕೊಡುವುದಿಲ್ಲ’ ಎಂದು ದೊಡ್ಡ ಪರೀಕ್ಷಕನಂತೆ ಹೇಳಿದ. ಚಾಲಕರು ಕನ್ನಡಿಯಲ್ಲಿ ಅವನನ್ನು ನೋಡಿ, ‘ತಮ್ಮಾ, ನಾಲ್ಕು ಸ್ಟಾರ್ ಕೊಟ್ಟರೂ ನಮಗೆ ಪೆಟ್ಟೇ’ ಅಂದರು.

ಮದ್ರಸದಲ್ಲಿ ನೂರಕ್ಕೆ ಎಂಬತ್ತು ಬಂದರೆ ಮಕ್ಕಳು ಸಿಹಿ ಹಂಚುತ್ತಾರೆ. ಐದರಲ್ಲಿ ನಾಲ್ಕು ಎಂದರೂ ಅದೇ ಎಂಬತ್ತು. ಆದರೆ ಈ ಶಾಲೆಯಲ್ಲಿ ಎಲ್ಲರಿಂದ ಎಂಬತ್ತು ಬಂದವನು ಫೇಲ್. ಸರಾಸರಿ ನಾಲ್ಕೂವರೆಗಿಂತ ಕೆಳಗೆ ಇಳಿದರೆ ಒಳ್ಳೆಯ ಟ್ರಿಪ್ ಸಿಗುವುದು ಕಡಿಮೆಯಾಗುತ್ತದೆ, ಎಚ್ಚರಿಕೆ ಬರುತ್ತದೆ, ಕೊನೆಗೆ ಐಡಿ ಬ್ಲಾಕ್ ಎಂಬುದು ಚಾಲಕರ ಅನುಭವ.

ಒಂದು ಲೆಕ್ಕ ಮಾಡಿ ನೋಡೋಣ. ಐನೂರು ಜನ ಸ್ಟಾರ್ ಕೊಟ್ಟಿರುವ ಹಳೆಯ ಚಾಲಕನಿಗೆ ಒಬ್ಬ ಸಿಟ್ಟಿನಿಂದ ಒಂದು ಸ್ಟಾರ್ ಒತ್ತಿದರೆ ಸರಾಸರಿ ಒಂದು ಕೂದಲಿನಷ್ಟೂ ಅಲುಗುವುದಿಲ್ಲ. ಆದರೆ ಇಪ್ಪತ್ತು ಜನರಷ್ಟೇ ಸ್ಟಾರ್ ಕೊಟ್ಟಿರುವ ಹೊಸಬನಿಗೆ? ಹತ್ತೊಂಬತ್ತು ಜನ ಐದು ಕೊಟ್ಟು, ಒಬ್ಬ ಒಂದು ಕೊಟ್ಟರೆ 4.8. ಇಬ್ಬರು ಹಾಗೆ ಮಾಡಿದರೆ 4.6. ಮೂವರಾದರೆ 4.4. ಅಂದರೆ ಮೂರು ಜನರ ಕೋಪಕ್ಕೆ ಒಂದು ಮನೆಯ ಒಲೆ ಆರಬಹುದು. ತೃಪ್ತಿಯಾದವರು ಏನೂ ಒತ್ತದೆ ಬಾಗಿಲು ಹಾಕಿ ಹೋಗುತ್ತಾರೆ, ಸಿಟ್ಟಾದವನು ಮಾತ್ರ ಮರೆಯದೆ ಒತ್ತುತ್ತಾನೆ ಎಂಬುದು ಬೇರೆ.

ಇವರಿಗೆ ಆದದ್ದೂ ಅದೇ. ಸೇರಿ ಒಂದು ತಿಂಗಳಾಗಿತ್ತು. ಮಂಗಳೂರು ಸೆಂಟ್ರಲ್‌ನಿಂದ ರಾತ್ರಿ ಒಂದೂವರೆಗೆ ಮೂವರು ಯುವಕರು ಹತ್ತಿದರು. ಸ್ವಲ್ಪ ಕುಡಿದಿದ್ದರು. ಒಳಗೆ ಸಿಗರೇಟ್ ಹಚ್ಚಿದಾಗ ‘ಬೇಡ’ ಎಂದರು. ಇನ್ನೊಬ್ಬನನ್ನು ಹತ್ತಿಸಬೇಕು, ಕಂಕನಾಡಿಗೆ ತಿರುಗಿಸು ಎಂದಾಗ, ‘ಆ್ಯಪಿನಲ್ಲಿ ಸ್ಟಾಪ್ ಸೇರಿಸಿ’ ಎಂದರು. ಇಷ್ಟೇ. ಮರುದಿನ ಬೆಳಿಗ್ಗೆ ಐಡಿ ಬ್ಲಾಕ್. ಕಾರಣ: ಚಾಲಕ ಬೆದರಿಸಿದ ಎಂದು ದೂರು.

ಒಂಬತ್ತು ದಿನ ಗಾಡಿ ಅಂಗಳದಲ್ಲಿ ನಿಂತಿತ್ತು. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದರೆ ಮೆಷಿನ್ ಮಾತನಾಡುತ್ತದೆ. ಮೆಸೇಜ್ ಹಾಕಿದರೆ ‘ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ’ ಎಂದು ಅದೇ ಉತ್ತರ ನಾಲ್ಕು ಸಲ. ಆ ತಿಂಗಳ ಕಂತು ಕಟ್ಟಲು ಹೆಂಡತಿಯ ಬಳೆ ಅಡವು ಇಟ್ಟರು. ‘ದುಬೈಯಲ್ಲಿ ಅರಬಿ ಬೈದರೆ ಎದುರು ನಿಂತು ಬೈಯುತ್ತಿದ್ದ. ನಾನೂ ನನ್ನ ಮಾತು ಹೇಳಬಹುದಿತ್ತು. ಇಲ್ಲಿ ಹೇಳುವುದು ಯಾರಿಗೆ ಉಸ್ತಾದ್? ಕಂಪೆನಿಗೆ ಮುಖವೇ ಇಲ್ಲ.’ ಹತ್ತನೇ ದಿನ ಐಡಿ ತಾನಾಗಿಯೇ ತೆರೆಯಿತು. ಯಾಕೆ ಮುಚ್ಚಿತ್ತು, ಯಾಕೆ ತೆರೆಯಿತು ಎಂದು ಯಾರೂ ಹೇಳಲಿಲ್ಲ. ಬಳೆ ಬಿಡಿಸಲು ಐದು ತಿಂಗಳು ಹಿಡಿಯಿತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಈಗ ಒಂದು ಕಾನೂನು ಉಂಟು. ರಾಜಸ್ಥಾನ 2023ರಲ್ಲಿ ದೇಶದಲ್ಲೇ ಮೊದಲು ಗಿಗ್ ಕಾರ್ಮಿಕರ ಕಾಯ್ದೆ ತಂದಿತ್ತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಆಗಸ್ಟ್‌ನಲ್ಲಿ ಸದನದಲ್ಲಿ ಮಸೂದೆ ಪಾಸು ಮಾಡಿತು. ಅದರ ಪ್ರಕಾರ ಕಾರ್ಮಿಕನನ್ನು ತೆಗೆದುಹಾಕುವುದಾದರೆ ಲಿಖಿತವಾಗಿ ಕಾರಣ ಕೊಡಬೇಕು, 14 ದಿನ ಮೊದಲು ನೋಟಿಸ್ ಕೊಡಬೇಕು. ರೇಟಿಂಗ್‌ನ ಲೆಕ್ಕ ಕೆಲಸದ ಮೇಲೆ ಹೇಗೆ ಪರಿಣಾಮ ಮಾಡುತ್ತದೆ ಎಂದು ತಿಳಿಸಬೇಕು. ಕಂಪೆನಿಗಳು ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ಕೇಂದ್ರದ ಮಾರ್ಗಸೂಚಿಯಲ್ಲಿ ಸ್ವಂತ ಗಾಡಿಯ ಚಾಲಕನಿಗೆ ಬಾಡಿಗೆಯ ಕನಿಷ್ಠ ಶೇ. 80 ಸಿಗಬೇಕು, ಐದು ಲಕ್ಷದ ಆರೋಗ್ಯ ವಿಮೆ, ಹತ್ತು ಲಕ್ಷದ ಜೀವ ವಿಮೆ ಇರಬೇಕು ಎಂದಿದೆ. ಇದನ್ನೆಲ್ಲ ಓದಿ ಹೇಳಿದಾಗ ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬನಿಗೂ ಗೊತ್ತಿಲ್ಲ’ ಎಂದರು. ಜಮಾಅತ್‌ಗಳು, ಯುವಕರ ಸಂಘಟನೆಗಳು ಪಾಸ್‌ಪೋರ್ಟ್ ಅರ್ಜಿ, ಆಧಾರ್ ತಿದ್ದುಪಡಿಗೆ ಶಿಬಿರ ಮಾಡುತ್ತವೆ. ಒಂದು ಆದಿತ್ಯವಾರ ಈ ಚಾಲಕರಿಗಾಗಿಯೂ ಕೂರಬಹುದು.

ಟಿಪ್ಸ್ ಬಗ್ಗೆ ಕೇಳಿದಾಗ ಮುಖ ಅರಳಿತು. ಮಂಗಳೂರಿನಲ್ಲಿ ಟಿಪ್ಸ್ ಎಂದರೆ ಹೆಚ್ಚಾಗಿ ಚಿಲ್ಲರೆಯೇ. 287 ಆದರೆ ಮುನ್ನೂರು ಕೊಟ್ಟು ‘ಇರಲಿ’ ಎನ್ನುತ್ತಾರೆ. ಈಗ ಯುಪಿಐ ಬಂದು ಅದೂ ಹೋಯಿತು, 287 ಎಂದರೆ 287. ಹೆಚ್ಚು ಕೊಡುವವರು ಯಾರು ಗೊತ್ತೇ? ನೈಟ್ ಡ್ಯೂಟಿ ಮುಗಿಸಿ ಬರುವ ನರ್ಸ್‌ಗಳು, ಹೊಟೇಲಿನಲ್ಲಿ ಕೆಲಸ ಮಾಡುವವರು. ‘ದುಡಿದು ತಿನ್ನುವವನ ಕಷ್ಟ ದುಡಿದು ತಿನ್ನುವವನಿಗೇ ಗೊತ್ತಾಗುವುದು. ದೊಡ್ಡ ಗೇಟಿನ ಮನೆಯವರು ವೇಟಿಂಗ್ ಚಾರ್ಜ್‌ಗೆ ಜಗಳ ಮಾಡುತ್ತಾರೆ.’ ಬಿ.ಸಿ. ರೋಡಿನ ಆಚೆ ಒಂದು ಹಳ್ಳಿಮನೆಗೆ ಬಿಟ್ಟಾಗ ಆ ಮನೆಯ ಅಜ್ಜಿ ಇಷ್ಟು ದೊಡ್ಡ ಹಲಸಿನ ಹಣ್ಣು ತಂದು ಡಿಕ್ಕಿಯಲ್ಲಿ ಇಟ್ಟರಂತೆ. ಬೇಡ ಎಂದರೂ ಕೇಳಲಿಲ್ಲ. ಮನೆಗೆ ಹೋಗುವ ಮೊದಲು ಸಿಕ್ಕಿದ ಗಿರಾಕಿ ‘ಗಾಡಿಯಲ್ಲಿ ವಾಸನೆ’ ಎಂದು ಮೂರು ಸ್ಟಾರ್ ಕೊಟ್ಟ! ಅದನ್ನು ಹೇಳಿ ಜೋರಾಗಿ ನಕ್ಕರು.

2025ರಲ್ಲಿ ಬುಕ್ ಮಾಡುವಾಗಲೇ ‘ಇಷ್ಟು ಹೆಚ್ಚು ಕೊಟ್ಟರೆ ಗಾಡಿ ಬೇಗ ಸಿಗುತ್ತದೆ’ ಎಂದು ಕೇಳುವ ಕ್ರಮ ಇತ್ತು. ನಮ್ಮ ಧಾರವಾಡದ ಸಂಸದರೂ ಆದ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ್ ಜೋಶಿ 2025ರ ಮೇಯಲ್ಲಿ ಇದನ್ನು ಆಕ್ಷೇಪಿಸಿ, ಒಂದು ದೊಡ್ಡ ಕಂಪೆನಿಗೆ ನೋಟಿಸ್ ಹೋಗಿತ್ತು. ಚಾಲಕರಿಗೆ ಅದು ಲಾಭ ಅಲ್ಲವೇ ಎಂದೆ. ‘ಕೆಲಸ ಆಗುವ ಮೊದಲು ಕೊಡುವುದಕ್ಕೆ ಟಿಪ್ಸ್ ಅಂತ ಹೇಗೆ ಹೇಳುವುದು? ಅದು ಹರಾಜು. ಬಾಡಿಗೆಯನ್ನೇ ಸರಿ ಮಾಡಿದರೆ ಸಾಕು’ ಎಂಬುದು ಅವರ ಮಾತು. ನನಗೂ ಅದು ಸರಿ ಕಂಡಿತು.

ಸುರಕ್ಷತೆಯ ಬಗ್ಗೆ ಎಲ್ಲರೂ ಹೇಳುವುದು ಪ್ರಯಾಣಿಕರದ್ದು, ಅದರಲ್ಲೂ ಹೆಣ್ಣುಮಕ್ಕಳದ್ದು. ಹೇಳಲೇಬೇಕು. 2014ರ ಡಿಸೆಂಬರ್‌ನಲ್ಲಿ ದೆಹಲಿಯ ಕ್ಯಾಬ್‌ನಲ್ಲಿ ನಡೆದ ಅತ್ಯಾಚಾರದ ನಂತರ ಆ್ಯಪಿನಲ್ಲಿ ತುರ್ತು ಬಟನ್ ಬಂತು, ಪ್ರಯಾಣದ ದಾರಿಯನ್ನು ಮನೆಯವರಿಗೆ ಕಳಿಸುವ ಸೌಲಭ್ಯ ಬಂತು. 112 ಎಲ್ಲರ ಮೊಬೈಲಿನಲ್ಲೂ ಇರಲಿ. ಹತ್ತುವ ಮೊದಲು ಗಾಡಿಯ ನಂಬರ್ ನೋಡಿ ಎಂದು ನಮ್ಮ ಹುಡುಗಿಯರಿಗೆ ಹೇಳಿಕೊಡಿ. ರಾತ್ರಿ ಒಂಟಿ ಹೆಣ್ಣುಮಗಳನ್ನು ಬಿಟ್ಟರೆ ಮನೆಯ ಬಾಗಿಲು ತೆರೆಯುವವರೆಗೆ ಹೆಡ್‌ಲೈಟ್ ಹಾಕಿ ನಿಲ್ಲುವುದು ಇವರ ಕ್ರಮ.

ಚಾಲಕನ ಸುರಕ್ಷತೆಯ ಮಾತು ಬಂದಾಗ ಅವರು ಧ್ವನಿ ತಗ್ಗಿಸಿದರು. ‘ಬೇರೆ ಊರಲ್ಲಿ ಚಾಲಕನಿಗೆ ಕಳ್ಳರ ಹೆದರಿಕೆ. ನಮ್ಮ ಜಿಲ್ಲೆಯಲ್ಲಿ ಹೆಸರಿನ ಹೆದರಿಕೆ.’ ಬುಕ್ ಆದ ಕೂಡಲೇ ಗಿರಾಕಿಯ ಮೊಬೈಲಿನಲ್ಲಿ ಚಾಲಕನ ಹೆಸರು, ಫೋಟೋ ಬರುತ್ತದೆ. ಕೆಲವರು ನೋಡಿ ಕ್ಯಾನ್ಸಲ್ ಮಾಡುತ್ತಾರೆ. 2025ರ ಮೇಯಲ್ಲಿ ಕೊಲೆಗಳಾಗಿ ಜಿಲ್ಲೆಯಲ್ಲಿ ನಿಷೇಧಾಜ್ಞೆ ಇದ್ದ ದಿನಗಳಲ್ಲಿ ಅದು ಹೆಚ್ಚಾಯಿತು. ಬೇರೆ ಧರ್ಮದ ವಿದ್ಯಾರ್ಥಿನಿಯರನ್ನು ರಾತ್ರಿ ಹಾಸ್ಟೆಲ್‌ಗೆ ಬಿಡುವಾಗ, ಯಾರಾದರೂ ಬೈಕಿನಲ್ಲಿ ಹಿಂಬಾಲಿಸಿದರೆ ಎಂಬ ಯೋಚನೆ. ಅದಕ್ಕೆ ಡ್ಯಾಶ್‌ಕ್ಯಾಮ್ ಹಾಕಿಸಿದ್ದಾರೆ. ರಾತ್ರಿ ಹೊರಟರೆ ಗ್ರೂಪಿನಲ್ಲಿ ಲೈವ್ ಲೊಕೇಶನ್. ಆ ಗ್ರೂಪಿನಲ್ಲಿ ಬ್ಯಾರಿಗಳೂ, ಬಂಟರೂ, ಬಿಲ್ಲವರೂ, ಕ್ರಿಶ್ಚಿಯನ್ನರೂ ಇದ್ದಾರೆ. ಆ ದಿನಗಳಲ್ಲಿ ಯಾವ ರಸ್ತೆಗೆ ಯಾರು ಹೋಗುವುದು ಬೇಡ ಎಂದು ಪರಸ್ಪರ ಹೇಳಿಕೊಳ್ಳುತ್ತಿದ್ದರಂತೆ. ಇವರ ಟ್ರಿಪ್ಪನ್ನು ಎರಡು ಸಲ ಒಬ್ಬ ತುಳು ಗೆಳೆಯ ತಾನೇ ಹೋಗಿ ಮುಗಿಸಿ, ಹಣ ಇವರಿಗೆ ಹಾಕಿದ್ದಾನೆ.

ನಾನು ಬೇಸರದಿಂದ ತಲೆ ಆಡಿಸಿದೆ. ಅವರು ಬಿಡಲಿಲ್ಲ. ‘ನಮ್ಮವರೂ ಕಡಿಮೆ ಇಲ್ಲ ಉಸ್ತಾದ್. ಡ್ರೈವರ್ ನಮ್ಮವನಲ್ಲ ಎಂದು ಕ್ಯಾನ್ಸಲ್ ಮಾಡಿ ಮತ್ತೆ ಬುಕ್ ಮಾಡಿದವರು ನನ್ನ ಗಾಡಿಯಲ್ಲೇ ಕೂತು ಅದನ್ನು ದೊಡ್ಡಸ್ತಿಕೆಯಿಂದ ಹೇಳಿದ್ದಾರೆ.’ ಇದನ್ನು ಬರೆಯದೆ ಬಿಡುವ ಮನಸ್ಸಾಗಲಿಲ್ಲ.

ಆ ಮಳೆಯ ರಾತ್ರಿ ಪಂಪ್‌ವೆಲ್‌ನಲ್ಲಿ ನೀರು ನಿಂತು ಅರ್ಧ ಗಂಟೆ ತಡವಾಯಿತು. ಅಡ್ಯಾರಿನಲ್ಲಿ ನಾವು ಇಳಿದು ಹಣ ಕೊಡುತ್ತಿದ್ದಾಗ ಅವರ ಮೊಬೈಲ್ ಸದ್ದು ಮಾಡಿತು. ಫರಂಗಿಪೇಟೆಯಿಂದ ಬುಕಿಂಗ್. ಹಿಂದೆಯೇ ಗಿರಾಕಿಯ ಫೋನ್. ಸ್ಪೀಕರ್‌ನಲ್ಲಿ ಒಬ್ಬ ಹೆಂಗಸಿನ ಧ್ವನಿ, ತುಳುವಿನಲ್ಲಿ ಎಲ್ಲಿದ್ದೀರಿ ಎಂದು ಕೇಳಿತು. ಇವರು ತುಳುವಿನಲ್ಲೇ ಅಡ್ಯಾರ್ ಎಂದರು. ಆಮೇಲೆ ಹೆಸರು ಕೇಳಿದರು. ಇವರು ನನ್ನ ಕಡೆ ಒಮ್ಮೆ ನೋಡಿ ಹೆಸರು ಹೇಳಿದರು.

ಆಚೆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, ‘ಗಾಡಿ ಗುರುತು ಸಿಗಲಿ ಅಂತ ಕೇಳಿದೆ ಅಣ್ಣ. ಮಗುವಿಗೆ ಜ್ವರ, ಸ್ವಲ್ಪ ಬೇಗ ಬನ್ನಿ’ ಎಂದಿತು ಧ್ವನಿ.

ಚಿಲ್ಲರೆ ತೆಗೆದುಕೊಳ್ಳದೆಯೇ ಅವರು ಗಾಡಿ ತಿರುಗಿಸಿದರು.