ಹೊಗೆಯೋ, ಮಂಜೋ?

ನಾಲ್ಕು ಅಂಕ. ಕೆಸೆಟ್ ಮೊದಲ ಪ್ರಯತ್ನದಲ್ಲಿ ಕಟ್‌ಆಫ್‌ಗೂ ನನಗೂ ಇದ್ದ ಅಂತರ ಅಷ್ಟೇ. ಪ್ರಶ್ನೆಗೆ ಎರಡು ಅಂಕದಂತೆ ಲೆಕ್ಕ ಹಾಕಿದರೆ ಎರಡೇ ಎರಡು ಪ್ರಶ್ನೆ. ಅರ್ಥಶಾಸ್ತ್ರದ ಎರಡನೇ ಪತ್ರಿಕೆ ಚೆನ್ನಾಗಿಯೇ ಆಗಿತ್ತು. ಕೈಕೊಟ್ಟಿದ್ದು ಎಲ್ಲ ವಿಷಯದವರಿಗೂ ಒಂದೇ ಆಗಿರುವ, 50 ಪ್ರಶ್ನೆ, 100 ಅಂಕಗಳ ಮೊದಲನೇ ಪತ್ರಿಕೆ. ಅದರಲ್ಲೂ ತಾರ್ಕಿಕ ಚಿಂತನೆಯ ಭಾಗ.

ನಾನು ನರಸಿಂಹರಾಜಪುರ ತಾಲ್ಲೂಕಿನ ಹಳ್ಳಿಯವಳು. ನಮ್ಮ ತೋಟದ ಮೇಲಿನ ದಿಣ್ಣೆಯಿಂದ ಭದ್ರಾ ಹಿನ್ನೀರು ಕಾಣುತ್ತದೆ. ಮೊಬೈಲ್ ನೆಟ್‌ವರ್ಕ್ ಸಿಗುವುದೂ ಅಲ್ಲಿಯೇ! ಕೋಚಿಂಗ್ ಎಂದರೆ ಶಿವಮೊಗ್ಗವೋ ಬೆಂಗಳೂರೋ ಆಗಬೇಕು. ಅಷ್ಟು ಅನುಕೂಲ ಇರಲಿಲ್ಲ. ಕೊಪ್ಪದ ಗ್ರಂಥಾಲಯ, ಹಳೆಯ ಪ್ರಶ್ನೆಪತ್ರಿಕೆಗಳು, ಆಗಾಗ ಶೃಂಗೇರಿಯ ಚಿಕ್ಕಮ್ಮನ ಮನೆ, ಇವೇ ನನ್ನ ಕೋಚಿಂಗ್ ಸೆಂಟರ್.

ಮಾದರಿ ಪತ್ರಿಕೆಗಳನ್ನು ಬಿಡಿಸುವಾಗ ನಾನು ಪದೇ ಪದೇ ಎಡವುತ್ತಿದ್ದುದು ಒಂದೇ ಬಗೆಯ ಪ್ರಶ್ನೆಯಲ್ಲಿ. ಐದಾರು ವಾಕ್ಯಗಳ ಒಂದು ಪ್ಯಾರಾ ಕೊಟ್ಟು, ಅದರಲ್ಲೊಂದು ವಾಕ್ಯಕ್ಕೆ ಗೆರೆ ಎಳೆದು, 'ಈ ವಾಕ್ಯ ವಾದದಲ್ಲಿ ಯಾವ ಪಾತ್ರ ವಹಿಸುತ್ತದೆ?' ಎಂದು ಕೇಳುತ್ತಾರೆ. ಅದು ತೀರ್ಮಾನವೇ, ಆಧಾರವೇ, ಹಿನ್ನೆಲೆಯೇ, ಎದುರಾಳಿಯ ಮಾತೇ? ನಾನು ಆ ವಾಕ್ಯ ನಿಜವೋ ಸುಳ್ಳೋ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ಪ್ರಶ್ನೆ ಕೇಳುವುದು ಅದನ್ನಲ್ಲ. ಆ ವಾಕ್ಯ ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂಬುದನ್ನು.

ಚಿಕ್ಕಮ್ಮನ ಪಕ್ಕದ ಮನೆಯಲ್ಲಿ ಪಾಠಶಾಲೆಯಲ್ಲಿ ತರ್ಕ ಓದಿದ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು 'ಮೇಷ್ಟ್ರು'. ಜುಲೈ ತಿಂಗಳ ಒಂದು ಸಂಜೆ ಜಗಲಿಯಲ್ಲಿ ಕೂತು ನನ್ನ ಪುಸ್ತಕ ತಿರುವಿ ಹಾಕಿದವರು, "ಇದೆಂತ ಹೊಸದು ಮಗೂ? ಇದನ್ನೇ ಅಲ್ವಾ ನಾವು ಓದಿದ್ದು" ಅಂದರು.

ಅವರು ಹೇಳಿದ್ದು ನಿಜ. ಕೆಸೆಟ್ ಅನುಸರಿಸುವ ಯುಜಿಸಿ ನೆಟ್ ಪಠ್ಯಕ್ರಮದ ಮೊದಲ ಪತ್ರಿಕೆಯಲ್ಲಿ ಭಾರತೀಯ ತರ್ಕಶಾಸ್ತ್ರವೂ ಇದೆ: ಪ್ರಮಾಣಗಳು, ಅನುಮಾನ, ವ್ಯಾಪ್ತಿ, ಹೇತ್ವಾಭಾಸ. ನಾನು ಅದನ್ನು ಬಾಯಿಪಾಠದ ವಿಷಯವೆಂದು ಪಕ್ಕಕ್ಕಿಟ್ಟಿದ್ದೆ. ನ್ಯಾಯಶಾಸ್ತ್ರದಲ್ಲಿ ಇನ್ನೊಬ್ಬರನ್ನು ಒಪ್ಪಿಸಲು ಮಾಡುವ ಅನುಮಾನಕ್ಕೆ ಐದು ಅಂಗಗಳು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. 17ನೇ ಶತಮಾನದ ಅನ್ನಂಭಟ್ಟನ 'ತರ್ಕಸಂಗ್ರಹ'ದಿಂದಲೇ ಇವತ್ತಿಗೂ ಮಕ್ಕಳು ಇದನ್ನು ಕಲಿಯುತ್ತಾರೆ.

ಮೇಷ್ಟ್ರು ಎದುರಿನ ಗುಡ್ಡದ ಕಡೆ ಕೈ ತೋರಿಸಿದರು. "ಆ ಮನೆಯಲ್ಲಿ ಬಚ್ಚಲ ಒಲೆ ಉರೀತಿದೆ. ಇದು ಪ್ರತಿಜ್ಞೆ. ಯಾಕೆ? ಹೊಗೆ ಬರ್ತಿದೆ. ಇದು ಹೇತು. ಹೊಗೆ ಇದ್ದಲ್ಲಿ ಬೆಂಕಿ ಇರ್ತದೆ, ಅಡಿಕೆ ಬೇಯಿಸೋ ಒಲೆ ಹಾಗೆ. ಇದು ಉದಾಹರಣೆ. ಅಲ್ಲೂ ಅಂಥದ್ದೇ ಹೊಗೆ ಇದೆ. ಇದು ಉಪನಯ. ಆದ್ದರಿಂದ ಒಲೆ ಉರೀತಿದೆ. ಇದು ನಿಗಮನ." ಒಂದು ಕ್ಷಣ ಬಿಟ್ಟು ನಕ್ಕರು. "ಸರಿಯಾಗಿ ನೋಡು. ಅದು ಹೊಗೆಯೋ, ಮಂಜೋ?"

ಮಂಜೇ ಆಗಿತ್ತು. ಮಳೆ ನಿಂತ ಮೇಲೆ ಕಾಡಿನಿಂದ ಏಳುವ ಮಂಜು. ಐದು ವಾಕ್ಯಗಳೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿದ್ದವು, ಆದರೆ ಹೇತುವೇ ಅಲ್ಲಿರಲಿಲ್ಲ. ಇಂಥದ್ದಕ್ಕೆ 'ಅಸಿದ್ಧ' ಎನ್ನುತ್ತಾರಂತೆ. ವಾಕ್ಯದ ಪಾತ್ರ ಬೇರೆ, ಅದರ ಸತ್ಯ ಬೇರೆ ಎಂಬುದು ನನಗೆ ತಲೆಗೆ ಹೋದದ್ದು ಆವತ್ತು.

ಇನ್ನೊಂದು ವಿಷಯವನ್ನೂ ಅವರೇ ಹೇಳಿಕೊಟ್ಟರು. ಭಾದ್ರಪದದಲ್ಲಿ ಶೃಂಗೇರಿ ಮಠದಲ್ಲಿ ಪ್ರತಿವರ್ಷ ಮಹಾಗಣಪತಿ ವಾಕ್ಯಾರ್ಥ ಸಭೆ ನಡೆಯುತ್ತದೆ. ಅಲ್ಲಿ ಶಾಸ್ತ್ರವಿಚಾರ ಮಂಡಿಸುವ ವಿದ್ವಾಂಸರು ತಾವು ಒಪ್ಪದ ಮಾತನ್ನೂ ಬಲವಾಗಿಯೇ ಎತ್ತಿ ಹೇಳುತ್ತಾರೆ. ಅದು ಪೂರ್ವಪಕ್ಷ. ಅದಕ್ಕೆ ಉತ್ತರ ಕೊಟ್ಟ ಮೇಲೆ ಬರುವುದು ಸಿದ್ಧಾಂತ. "ಅರ್ಧಕ್ಕೇ ಎದ್ದು ಹೋದವನು ಪೂರ್ವಪಕ್ಷವನ್ನೇ ಅವರ ಅಭಿಪ್ರಾಯ ಅಂದ್ಕೊಂಡು ಹೋಗ್ತಾನೆ" ಎಂದರು. ಪರೀಕ್ಷೆಯಲ್ಲಿ ನಾನು ಮಾಡುತ್ತಿದ್ದುದೂ ಅದನ್ನೇ. 'ಕೆಲವರು ಹೇಳುತ್ತಾರೆ' ಎಂದು ಶುರುವಾದ ವಾಕ್ಯವನ್ನೇ ತೀರ್ಮಾನ ಎಂದು ಗುರುತು ಹಾಕಿ ಬರುತ್ತಿದ್ದೆ.

ಅಲ್ಲಿಂದ ನಾನೇ ಪ್ಯಾರಾ ಬರೆದುಕೊಂಡು ಅಭ್ಯಾಸ ಮಾಡತೊಡಗಿದೆ. ಒಂದನ್ನು ನೀವೂ ಬಿಡಿಸಿ ನೋಡಿ:

(1) ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತವು. (2) ಮನೆಮನೆಗೂ ಬೈಕ್ ಬಂದಿರುವಾಗ ಬಸ್ ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. (3) ಆದರೆ ಕಾಲೇಜಿಗೆ ಹೋಗುವ ಹುಡುಗಿಯರ ಕೈಗೆ ಆ ಬೈಕ್ ಸಿಗುವುದಿಲ್ಲ. (4) ಹಾಗಾಗಿ ಅವರಿಗೆ ಬಸ್ಸೊಂದೇ ದಾರಿ. (5) ಒಳ ಊರುಗಳಿಗೆ ಬೆಳಗಿನ ಬಸ್ ಹೆಚ್ಚಿಸಲೇಬೇಕು.

ಮೊದಲನೆಯದು ಹಿನ್ನೆಲೆ. ಎರಡನೆಯದು ಪೂರ್ವಪಕ್ಷ. ಮೂರನೆಯದು ಅದಕ್ಕೆ ಉತ್ತರವೂ ಹೌದು, ಆಧಾರವೂ ಹೌದು. ಮೋಸ ಹೋಗುವುದು ನಾಲ್ಕರಲ್ಲಿ. 'ಹಾಗಾಗಿ' ಎಂಬ ಪದ ಕಂಡ ಕೂಡಲೇ ಅದೇ ಮುಖ್ಯ ತೀರ್ಮಾನ ಎನಿಸುತ್ತದೆ. ಅದು ಮೂರರಿಂದ ಬಂದ ತೀರ್ಮಾನ ನಿಜ, ಆದರೆ ಐದಕ್ಕೆ ಆಧಾರವಾಗಿ ನಿಂತಿದೆ. ನಡುವಿನ ಮೆಟ್ಟಿಲು. ಯಾವ ಸುಳಿವಿನ ಪದವೂ ಇಲ್ಲದ ಐದನೆಯದೇ ಮುಖ್ಯ ತೀರ್ಮಾನ. ಅನುಮಾನ ಬಂದಾಗ ಎರಡು ವಾಕ್ಯಗಳ ನಡುವೆ 'ಯಾಕೆಂದರೆ' ಸೇರಿಸಿ ಓದಿ. 'ಬಸ್ ಹೆಚ್ಚಿಸಬೇಕು, ಯಾಕೆಂದರೆ ಅವರಿಗೆ ಬಸ್ಸೊಂದೇ ದಾರಿ' ಎಂದರೆ ಅರ್ಥ ಕೂಡುತ್ತದೆ. ತಿರುಗಿಸಿ ಓದಿದರೆ ಕೂಡುವುದಿಲ್ಲ.

ಇದಿಷ್ಟೂ ಪರೀಕ್ಷೆಯ ಮಾತು. ಆದರೆ ಈ ಪಾಠ ನನಗೆ ಮೊದಲು ಕೆಲಸಕ್ಕೆ ಬಂದಿದ್ದು ಮನೆಯಲ್ಲಿ.

ಆ ಮಳೆಗಾಲ ತೋಟದಲ್ಲಿ ಕೊಳೆ ರೋಗ ಜೋರಾಗಿತ್ತು. ಮಳೆ ಬಿಡುವು ಕೊಟ್ಟ ದಿನ ಬೋರ್ಡೊ ಹೊಡೆಯಲು ಜನ ಸಿಗಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದರು: "ಮರ ಹತ್ತೋ ಜನ ಇಲ್ಲ. ನನ್ನ ಮಂಡಿಯೂ ಸೋತಿದೆ. ಈ ಸಲ ಫಸಲನ್ನ ಚೇಣಿಗೆ ಕೊಡೋದೇ. ನಿನ್ನ ಓದಿಗೆ ಇನ್ನೊಂದು ವರ್ಷ ಖರ್ಚಿದೆ. ಬೆಂಗಳೂರಲ್ಲಿ ಕೆಲಸ ಸಿಗ್ತದೆ ಅಂತಾರೆ ಎಲ್ಲರೂ."

ನನ್ನ ಕಿವಿಗೆ ಬಿದ್ದಿದ್ದು ಕೊನೆಯ ಎರಡು ಮಾತು ಮಾತ್ರ. ನಿನ್ನ ಖರ್ಚು ಹೆಚ್ಚಾಯಿತು, ಬೆಂಗಳೂರಿಗೆ ಹೋಗು ಎಂದು ಕೇಳಿಸಿತು. ಎದ್ದು ಹೋದೆ. ಮೂರು ದಿನ ಅಪ್ಪನ ಹತ್ತಿರ ಮಾತಿಲ್ಲ. ಅಮ್ಮ ನಡುವೆ ಸಿಕ್ಕಿಕೊಂಡು ಒದ್ದಾಡಿದರು.

ಮೂರನೇ ರಾತ್ರಿ ನಿದ್ದೆ ಬಾರದೆ ನೋಟ್‌ಬುಕ್ಕಿನಲ್ಲಿ ಅಪ್ಪನ ಐದು ವಾಕ್ಯಗಳನ್ನು ಬರೆದೆ. ಅಭ್ಯಾಸಬಲ! ಎದುರಿಗೆ ಪಾತ್ರಗಳನ್ನು ಬರೆಯತೊಡಗಿದೆ. ಜನ ಇಲ್ಲ: ಹೇತು. ಮಂಡಿ ನೋವು: ಹೇತು. ಫಸಲು ಚೇಣಿಗೆ: ತೀರ್ಮಾನ. ಓದಿಗೆ ಖರ್ಚಿದೆ: ಇಲ್ಲಿ ಪೆನ್ನು ನಿಂತಿತು. 'ಯಾಕೆಂದರೆ' ಸೇರಿಸಿ ಓದಿದೆ. ಫಸಲನ್ನು ಚೇಣಿಗೆ ಕೊಡೋಣ, ಯಾಕೆಂದರೆ ನಿನ್ನ ಓದಿಗೆ ಖರ್ಚಿದೆ. ಬೆಂಗಳೂರಿನ ಮಾತಿನ ಕೊನೆಯಲ್ಲಿ 'ಅಂತಾರೆ ಎಲ್ಲರೂ' ಎಂದಿತ್ತು. ಅದು ಅಪ್ಪನ ಮಾತೇ ಅಲ್ಲ. ಪೂರ್ವಪಕ್ಷ.

ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದೆ, "ಅಪ್ಪ, ನನ್ನ ಓದಿಗೋಸ್ಕರ ಚೇಣಿಗೆ ಕೊಡ್ತಿದ್ದೀರಾ?"

"ಮತ್ತೆಂತ ಅಂದ್ಕೊಂಡಿದ್ದೆ ಮಾರಾಯ್ತಿ? ಚೇಣಿಯವರು ಮುಂಗಡ ಕೊಡ್ತಾರಲ್ಲ. ನಿನ್ನನ್ನ ಬೆಂಗಳೂರಿಗೆ ಓಡಿಸಕ್ಕೆ ನಾನೇನು ತಲೆ ಕೆಟ್ಟವನಾ?" ಅಂದರು ಅಪ್ಪ. ಅಮ್ಮ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆಗೆ ಅಂತ ಹೇಳಿದರು.

ಪೂರ್ತಿ ಫಸಲು ಕೊಡುವುದು ಬೇಡವೆಂದು ನಾನು ವಾದ ಮಾಡಿದೆ. ಕೊನೆಗೆ ಕೆಳಗಿನ ತೋಟದ ಫಸಲು ಮಾತ್ರ ಚೇಣಿಗೆ ಹೋಯಿತು. ಮೇಲಿನದು ನಮ್ಮದೇ. ಸುಲಿಯುವುದು, ಒಣಗಿಸುವುದು ನನ್ನ ಪಾಲಿಗೂ ಬಂತು.

ಮುಂದಿನ ಕೆಸೆಟ್‌ಗೆ ಓದುತ್ತಿದ್ದೇನೆ. ಆ ನಾಲ್ಕು ಅಂಕ ಈ ಸಲ ಬರುತ್ತವೋ ಇಲ್ಲವೋ ನೋಡಬೇಕು. ಆದರೆ ಯಾರಾದರೂ ಮಾತಾಡಿದರೆ ಈಗ ಕೊನೆಯ ವಾಕ್ಯಕ್ಕೇ ಜೋತುಬೀಳುವುದಿಲ್ಲ. ಅಪ್ಪನೂ ಕಲಿತುಬಿಟ್ಟಿದ್ದಾರೆ. ನಾನು ಏನಾದರೂ ಸುತ್ತಿ ಬಳಸಿ ಕೇಳಿದರೆ, "ಇದು ಹೇತುವಾ, ನಿಗಮನವಾ? ದುಡ್ಡು ಎಷ್ಟು ಬೇಕು, ಅದನ್ನ ಹೇಳು" ಅಂತಾರೆ.